ಹಾರ್ಡ್ ಡಿಸ್ಕಿನ ಮರುವಿಭಜನೆ

ಗಣಕಯಂತ್ರವನ್ನು ಬಳಸುವವರಿಗೆ ಒಂದಲ್ಲ ಒಂದು ದಿನ ಅದರ ವ್ಯವಸ್ಥೆಯನ್ನು ಬದಲಾಯಿಸುವ ಸಂದರ್ಭ ಒದಗಿಬರುತ್ತದೆ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಉಬುಂಟು, ಡೆಬಿಯನ್, ಫೆಡೋರಾ ಮೊದಲಾದ ಅನೇಕ ರೂಪಗಳಲ್ಲಿ ದೊರೆಯುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಕಾಸಿನ ಖರ್ಚಿಲ್ಲ. ಆದರೆ ಆ ಬದಲಾವಣೆಯಲ್ಲಿ ಮೂರು ವರ್ಷಗಳ ಟಿಪ್ಪಣಿಗಳೂ ಮನೆಯವರ ಭಾವಚಿತ್ರಗಳೂ ಅಳಿಸಿಹೋದರೆ ಅವುಗಳಿಗೆ ಬೆಲೆ ಕಟ್ಟುವವರಾರು?

ಡಿಸ್ಕನ್ನು ಒಂದು ಹೊಲವೆಂದು ಭಾವಿಸೋಣ. ವಿಭಾಗಗಳ ಪಟ್ಟಿ ಅದರ ಪಹಣಿ. ಕಡತಗಳು ಅದರ ಪೈರು. ಹಳೆಯ ಎಂ.ಬಿ.ಆರ್. ಪದ್ಧತಿಯಲ್ಲಿ ಈ ಪಟ್ಟಿ ಡಿಸ್ಕಿನ ಮೊದಲ 512 ಬೈಟುಗಳೊಳಗೆ, ನಾಲ್ಕು ವಿಭಾಗಗಳಿಗೆ ತಲಾ 16ರಂತೆ 64 ಬೈಟುಗಳಲ್ಲಿ ಅಡಗಿರುತ್ತದೆ. ಈಚಿನ ಜಿ.ಪಿ.ಟಿ. ಪದ್ಧತಿಯಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಅವಕಾಶವುಂಟು. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಅದು ಪಟ್ಟಿಯ ಪ್ರತಿಯೇ ಹೊರತು ನಮ್ಮ ಕಡತಗಳ ಪ್ರತಿಯಲ್ಲವೆಂಬುದನ್ನು ಮರೆಯಲಾಗದು.

ಇದರಿಂದ ಕೆಲಸದ ಕ್ರಮವನ್ನು ಸುಲಭವಾಗಿ ಗ್ರಹಿಸಬಹುದು. ಹೊಲವನ್ನು ಕಿರಿದು ಮಾಡುವವನು ಮೊದಲು ಆ ಅಂಚಿನ ಪೈರನ್ನು ಒಳಕ್ಕೆ ತಂದುಕೊಂಡು, ಆಮೇಲೆ ಬಾಂದುಕಲ್ಲನ್ನು ಸರಿಸಬೇಕು. ಹಿರಿದು ಮಾಡುವವನು ಮೊದಲು ಕಲ್ಲು ಸರಿಸಿ, ಆಮೇಲೆ ಉಳಬೇಕು. ಹಾಗೆಯೇ ವಿಭಾಗವನ್ನು ಕುಗ್ಗಿಸುವಾಗ ಮೊದಲು ಫೈಲ್ ಸಿಸ್ಟಮ್, ಅನಂತರ ವಿಭಾಗ. ಹಿಗ್ಗಿಸುವಾಗ ಮೊದಲು ವಿಭಾಗ, ಅನಂತರ ಫೈಲ್ ಸಿಸ್ಟಮ್. ಜಿಪಾರ್ಟೆಡ್ ಎಂಬ ಸಾಧನ ಈ ಕ್ರಮವನ್ನು ತಾನೇ ಪಾಲಿಸುತ್ತದೆ.

ಒಂದು ಉದಾಹರಣೆ. 500 ಜಿ.ಬಿ. ಡಿಸ್ಕಿನಲ್ಲಿ ಉಬುಂಟುವೂ ನಮ್ಮ ಕಡತಗಳೂ ಒಂದೇ ವಿಭಾಗದಲ್ಲಿದ್ದು, ಒಟ್ಟು 120 ಜಿ.ಬಿ. ತುಂಬಿದೆಯೆನ್ನೋಣ. ಡೆಬಿಯನ್ ಹಾಕಲು ಅದನ್ನು ಹಾಗೆಯೇ ಫಾರ್ಮ್ಯಾಟ್ ಮಾಡಿದರೆ ಎರಡೂ ಹೋಗುತ್ತವೆ. ಆದ್ದರಿಂದ ಮೊಟ್ಟಮೊದಲು ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅವು ತೆರೆಯುತ್ತವೆಯೇ ಎಂದು ನೋಡತಕ್ಕದ್ದು. ಬಳಕೆಯಲ್ಲಿರುವ ಇ.ಎಕ್ಸ್.ಟಿ.4 ವಿಭಾಗವನ್ನು ಕುಗ್ಗಿಸಲಾಗದು. ಯಂತ್ರವನ್ನು ಪೆನ್ ಡ್ರೈವಿನಿಂದ ಆರಂಭಿಸಬೇಕು. ಬಳಿಕ ಹಳೆಯ ವಿಭಾಗವನ್ನು ಕೊನೆಯ ಕಡೆಯಿಂದ 200 ಜಿ.ಬಿ.ಗೆ ಕುಗ್ಗಿಸಿ, ಉಳಿದ ಸ್ಥಳದಲ್ಲಿ ಹೊಸ ವಿಭಾಗ ಮಾಡಿ, ಹೋಮ್ ಕೋಶದ ಒಳಗಿರುವುದನ್ನೆಲ್ಲ ಒಡೆತನ ಕೆಡದಂತೆ ಅಲ್ಲಿಗೆ ನಕಲಿಸಬೇಕು. ವಿಭಾಗದ ಆರಂಭವನ್ನು ಸರಿಸಹೋದರೆ ಒಳಗಿನದೆಲ್ಲವೂ ಸರಿಯಬೇಕಾಗಿ ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ವಿದ್ಯುತ್ತು ಹೋದರೆ ಅಪಾಯ.

ಡೆಬಿಯನ್ ಸ್ಥಾಪಿಸುವಾಗ ವಿಭಾಗಗಳನ್ನು ನಾವೇ ಆರಿಸುವ ಮಾರ್ಗವನ್ನು ಹಿಡಿದು, 200 ಜಿ.ಬಿ. ವಿಭಾಗವನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಕು. ಹೊಸ ವಿಭಾಗವನ್ನು ಹೋಮ್ ಎಂದು ಸೂಚಿಸಬೇಕು; ಅದನ್ನಾಗಲಿ, ಯಂತ್ರ ಆರಂಭಕ್ಕೆ ಬೇಕಾದ ಇ.ಎಫ್.ಐ. ವಿಭಾಗವನ್ನಾಗಲಿ ಫಾರ್ಮ್ಯಾಟ್ ಮಾಡಕೂಡದು. ಬಳಕೆದಾರನ ಹೆಸರು ಹಿಂದಿನದೇ ಇರಲಿ. ಎರಡು ವ್ಯವಸ್ಥೆಗಳೂ ಮೊದಲ ಬಳಕೆದಾರನಿಗೆ ಸಾಮಾನ್ಯವಾಗಿ 1000 ಎಂಬ ಸಂಖ್ಯೆಯನ್ನೇ ಕೊಡುವುದರಿಂದ ಕಡತಗಳು ತಮ್ಮ ಒಡೆಯನನ್ನು ಗುರುತಿಸುತ್ತವೆ.

ಇಷ್ಟು ಶ್ರಮ ಒಂದು ಸಲಕ್ಕೆ ಮಾತ್ರ. ವ್ಯವಸ್ಥೆ ಬೇರೆ, ನಮ್ಮ ದುಡಿಮೆ ಬೇರೆ ಎಂದು ಒಮ್ಮೆ ಬದು ಹಾಕಿದರೆ ಮುಂದೆ ಎಷ್ಟು ಸಲ ಲಿನಕ್ಸ್ ಬದಲಾಯಿಸಿದರೂ ಹೋಮ್ ವಿಭಾಗವನ್ನು ಮುಟ್ಟಬೇಕಾಗಿಲ್ಲ. ಆದರೂ ಬದು ಬೆಂಕಿಯನ್ನು ತಡೆಯದು. ಡಿಸ್ಕೇ ಕೆಟ್ಟರೆ ಎಲ್ಲ ವಿಭಾಗಗಳೂ ಒಟ್ಟಿಗೆ ಹೋಗುತ್ತವೆ. ಆದಕಾರಣ ಇನ್ನೊಂದು ಡಿಸ್ಕಿನಲ್ಲಿ ಮಾಡಿದ ನಕಲನ್ನು ಕೆಲಸ ಮುಗಿದ ಮೇಲೂ ಅಳಿಸದೆ ಜೋಪಾನ ಮಾಡುವುದು ಲೇಸು.