ಮೂವತ್ತು ಅಂತ ಬರೆದವರು ಏನನ್ನು ಅಳೆದರು?

ಪ್ರಶ್ನೆ: ಮಲೆನಾಡಿನ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿದ್ದೇವೆ. ಒಂದೂವರೆ ವರ್ಷದ ಹಿಂದೆ ಮರಗಸಿ ಮಾಡುವಾಗ ನಮ್ಮ ಯಜಮಾನರು ಸಿಲ್ವರ್ ಮರದಿಂದ ಬಿದ್ದರು. ಬಲಗಡೆ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದು ರಾಡ್ ಹಾಕಿದ್ದಾರೆ, ಕಾಲು ಗಿಡ್ಡ ಆಗಿದೆ. ಬಲಗೈ ಮಣಿಕಟ್ಟೂ ನೆಟ್ಟಗೆ ಕೂಡಲಿಲ್ಲ, ನೀರಿನ ಚೊಂಬು ಎತ್ತಿದರೆ ಜಾರುತ್ತದೆ. ವಿಕಲಚೇತನರ ಕಾರ್ಡಿಗೆ ಅರ್ಜಿ ಹಾಕಿದ್ದೆವು. ಪರೀಕ್ಷೆಗೆ ಕರೆದ ದಿನ ಡಾಕ್ಟರು, 'ಸ್ವಲ್ಪ ನಡೆದು ತೋರಿಸಪ್ಪ' ಅಂದರು. ಇವರು ನಡೆದರು. ಎಕ್ಸ್‌ರೇ ನೋಡಿ ಏನೋ ಬರೆದುಕೊಂಡರು. ಕೈಯನ್ನು ನೋಡಲೇ ಇಲ್ಲ. ಈಗ ಬಿಳಿ ಕಾರ್ಡು ಬಂದಿದೆ, ಅದರಲ್ಲಿ ಶೇ 30 ಅಂತ ಇದೆ. ನಾಡಕಚೇರಿಯಲ್ಲಿ 40 ಇಲ್ಲದಿದ್ದರೆ ಮಾಸಾಶನ ಇಲ್ಲ ಅಂದರು. ಪೇಟೆಯಲ್ಲಿ ಒಬ್ಬರು ದುಡ್ಡು ಕೊಟ್ಟರೆ 45 ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ಇವರು ಮಾತ್ರ, 'ಸರ್ಕಾರವೇ ನಾನು ಸರಿ ಇದ್ದೀನಿ ಅಂದಮೇಲೆ ಬಿಟ್ಟುಬಿಡು' ಅಂತ ಮಂಕಾಗಿ ಕೂತಿದ್ದಾರೆ. ಡಾಕ್ಟರು ಬರೆದಿದ್ದನ್ನು ನಮ್ಮಂಥವರು ಪ್ರಶ್ನೆ ಮಾಡಬಹುದಾ?

ಉತ್ತರ: ಮಾಡಬಹುದು ತಂಗಿ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 59ನೇ ಕಲಮು ಇರುವುದೇ ಅದಕ್ಕೆ. ಪ್ರಮಾಣಪತ್ರ ಕೊಟ್ಟ ಪ್ರಾಧಿಕಾರದ ತೀರ್ಮಾನದಿಂದ ನೊಂದವರು ಯಾರೇ ಆಗಲಿ, ರಾಜ್ಯ ಸರ್ಕಾರ ಗೊತ್ತುಮಾಡಿದ ಮೇಲಿನ ಪ್ರಾಧಿಕಾರಕ್ಕೆ ಮೇಲ್ಮನವಿ ಕೊಡಬಹುದು. ಡಾಕ್ಟರಿಗೆ ಎದುರಾಡಿದ ಹಾಗಾಗುತ್ತದೆ ಅಂತ ಅಂಜಬೇಡಿ. ಒಂದು ಅಳತೆಯನ್ನು ಮತ್ತೊಮ್ಮೆ ಮಾಡಿ ಅಂತ ಕೇಳುತ್ತಿದ್ದೀರಿ, ಅಷ್ಟೆ.

ಕಾರ್ಡಿನ ಮೇಲಿನ ಅಂಕಿ ನೋಡಿದರೆ ತಕ್ಕಡಿಯಲ್ಲಿ ತೂಗಿ ಬರೆದ ಹಾಗೆ ಕಾಣುತ್ತದೆ. ಆದರೆ ಅದು ಹಲವು ಸಣ್ಣ ಅಳತೆಗಳಿಂದ ಹುಟ್ಟಿದ ಮೊತ್ತ. ನಡುವೆ ಒಂದು ಅಳತೆ ಬಿಟ್ಟುಹೋದರೂ ಮೊತ್ತ ಇಳಿಯುತ್ತದೆ. ನಿಮ್ಮ ಪತ್ರ ಓದಿದ ಮೇಲೆ ಒಂದಲ್ಲ, ಹಲವು ಬಿಟ್ಟುಹೋಗಿರಬೇಕು ಅಂತ ನನಗನ್ನಿಸುತ್ತದೆ.

ಹೇಗೆ ಅಳೆಯಬೇಕು ಅಂತ ಕೇಂದ್ರ ಸರ್ಕಾರ 2018ರ ಜನವರಿ 4ರಂದು ಮಾರ್ಗಸೂಚಿ ಹೊರಡಿಸಿ, 2024ರ ಮಾರ್ಚ್‌ನಲ್ಲಿ ಅದನ್ನು ಪರಿಷ್ಕರಿಸಿದೆ. ಕಾಲಿನ ವಿಷಯಕ್ಕೆ ಅದರಲ್ಲಿ ಎರಡು ಭಾಗ. ಕೀಲು ಎಷ್ಟು ಮಡಚುತ್ತದೆ, ಸ್ನಾಯುಗಳಲ್ಲಿ ಎಷ್ಟು ಬಲ ಉಳಿದಿದೆ ಅನ್ನುವುದು ಒಂದು. ಎರಡನೆಯದು ಸ್ಥಿರತೆ: ಸಮನೆಲದ ಮೇಲೆ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ಪೆಟ್ಟಾದ ಕಾಲೊಂದರ ಮೇಲೇ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಮಂಡಿಯೂರುವುದು, ತಿರುಗುವುದು. ಈ ಒಂಬತ್ತಕ್ಕೆ ತಲಾ 10ರಂತೆ ಒಟ್ಟು 90. ನಿಮ್ಮ ಯಜಮಾನರಿಂದ ಮಾಡಿಸಿದ್ದು ಇದರಲ್ಲಿ ಮೊದಲನೆಯದು ಮಾತ್ರ, ಅದೂ ಆಸ್ಪತ್ರೆಯ ಸಪಾಟು ನೆಲದ ಮೇಲೆ. ಲೈನ್ ಮನೆಯಿಂದ ಹಳ್ಳದವರೆಗೆ ಇಳಿಜಾರಿನಲ್ಲೇ ಬದುಕುವ ಮನುಷ್ಯನನ್ನು ಇಳಿಜಾರಿನಲ್ಲಿ ನಡೆಸಿ ನೋಡದೆ ಅಂಕ ಹಾಕಿದ್ದರೆ ಅದು ಅನ್ಯಾಯವೇ. ಕ್ಯಾಂಪಿನ ದಿನ ಡಾಕ್ಟರ ಮುಂದೆ ಎಷ್ಟು ಉದ್ದ ಸಾಲಿರುತ್ತದೆ ಅನ್ನುವುದು ನನಗೆ ಗೊತ್ತು. ಆ ಅವಸರದ ನಷ್ಟವನ್ನು ನೀವು ತಿಂಗಳು ತಿಂಗಳೂ ಹೊರುವುದು ಮಾತ್ರ ಸರಿಯಲ್ಲ.

ಇಷ್ಟೇ ಅಲ್ಲ. ಕಾಲು ಗಿಡ್ಡವಾಗಿದ್ದರೆ ಮೊದಲ ಅರ್ಧ ಇಂಚು ಬಿಟ್ಟು, ಆಮೇಲಿನ ಪ್ರತಿ ಅರ್ಧ ಇಂಚಿಗೂ ಶೇ 4 ಸೇರಿಸಬೇಕು. ನೋವಿಗೂ ಅಂಕ ಇದೆ. ಓಡಾಟಕ್ಕೇ ಅಡ್ಡಿಯಾಗುವಷ್ಟು ತೀವ್ರ ನೋವಿಗೆ 9 ಅಂಕದವರೆಗೆ ಸಿಗುತ್ತದೆ. ಟೇಪು ಹಿಡಿದು ಕಾಲು ಅಳೆದರಾ? ನೋವು ಎಷ್ಟಿದೆ ಅಂತ ಕೇಳಿದರಾ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ.

ಇನ್ನು ಕೈ. ನಿಮ್ಮ ಅರ್ಜಿಯಲ್ಲಿ ಬಹುಮುಖ್ಯ ಕೊರತೆ ಇದೇ ಇರಬಹುದು. ಒಂದಕ್ಕಿಂತ ಹೆಚ್ಚು ಊನ ಇದ್ದಾಗ ಎರಡನ್ನೂ ಬೇರೆಬೇರೆ ಅಳೆದು, ಒಂದು ಸೂತ್ರದ ಪ್ರಕಾರ ಸೇರಿಸಬೇಕು. ಹೆಚ್ಚಿನ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಕಡಿಮೆಯ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ಹೆಚ್ಚಿನ ಅಂಕಿಗೆ ಕೂಡಬೇಕು. ಕಾಲಿಗೆ 30 ಇದೆ, ಮಣಿಕಟ್ಟಿಗೆ 15 ಬಂತು ಅಂತಿಟ್ಟುಕೊಳ್ಳಿ. 90ರಲ್ಲಿ 30 ಕಳೆದರೆ 60, ಅದನ್ನು 15ರಿಂದ ಗುಣಿಸಿದರೆ 900, 90ರಿಂದ ಭಾಗಿಸಿದರೆ 10. ಒಟ್ಟು 40. ನೇರವಾಗಿ ಕೂಡಿ 45 ಬರಬೇಕಿತ್ತು ಅಂತ ಜಗಳಕ್ಕೆ ಹೋಗಬೇಡಿ, ಲೆಕ್ಕ ಇರುವುದೇ ಹಾಗೆ. ಮಣಿಕಟ್ಟಿಗೆ 15 ಬಂದೇ ಬರುತ್ತದೆ ಅಂತ ನಾನು ಮಾತು ಕೊಡುತ್ತಿಲ್ಲ. ಅದನ್ನು ಹೇಳಬೇಕಾದವರು ಮೂಳೆ ಡಾಕ್ಟರು, ಅದೂ ಕೈ ಮುಟ್ಟಿ ನೋಡಿದ ಮೇಲೆ. ಮುಟ್ಟಿಯೇ ನೋಡದಿದ್ದರೆ ಸೊನ್ನೆಯೇ ಬೀಳುತ್ತದೆ.

ಈಗ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ದಿನ ಅವರು ಊರುಗೋಲು ತಗೊಂಡು ಹೋಗಿದ್ದರಾ? ಬೆಳಿಗ್ಗೆ ನೋವಿನ ಮಾತ್ರೆ ನುಂಗಿ ಹೊರಟಿದ್ದರಾ? ಡಾಕ್ಟರ ಮುಂದೆ ಹಲ್ಲು ಕಚ್ಚಿ ನೆಟ್ಟಗೆ ನಡೆದರಾ? ದುಡಿದು ತಿಂದ ಗಂಡಸರು ಬಹಳ ಮಂದಿ ಹಾಗೇ ಮಾಡುತ್ತಾರೆ. ನಾಲ್ಕು ಜನರ ಎದುರು ಕುಂಟುವುದು ಅವರಿಗೆ ಅವಮಾನ. ಆ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೆ ಪರೀಕ್ಷೆಯ ಕೋಣೆಯಲ್ಲಿ ಅದು ಅವರ ವಿರುದ್ಧವೇ ಸಾಕ್ಷಿಯಾಗುತ್ತದೆ. ಮತ್ತೆ ಕರೆದಾಗ ದಿನಾ ಬಳಸುವ ಊರುಗೋಲು ಜೊತೆಗಿರಲಿ. ಮಾತ್ರೆ ನುಂಗಿದ್ದರೆ ನುಂಗಿದ್ದೇನೆ ಅಂತ ಹೇಳಲಿ. ಹತ್ತು ಹೆಜ್ಜೆ ನಡೆಯಬಲ್ಲೆ, ಆಮೇಲೆ ಕೂರಬೇಕು ಅಂತಿದ್ದರೆ ಆ 'ಆಮೇಲೆ'ಯನ್ನೂ ಹೇಳಲಿ. ಇಲ್ಲದ್ದನ್ನು ಸೇರಿಸುವುದು ಬೇಡ, ಇದ್ದದ್ದನ್ನು ಮುಚ್ಚುವುದೂ ಬೇಡ.

ಕಾಗದದ ಕೆಲಸಕ್ಕೆ ಬರೋಣ. ಮೊದಲು ಪರೀಕ್ಷೆಯ ದಿನ ತುಂಬಿದ ಅಂಕಪಟ್ಟಿಯ ನಕಲು ನಿಮ್ಮ ಕೈಗೆ ಬರಬೇಕು. ಆಸ್ಪತ್ರೆಯಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 'ನನ್ನ ಅಂಗವೈಕಲ್ಯ ಪರೀಕ್ಷೆಯಲ್ಲಿ ದಾಖಲಿಸಿದ ಅಳತೆಗಳು, ಪ್ರತಿಯೊಂದಕ್ಕೂ ಕೊಟ್ಟ ಅಂಕ ಮತ್ತು ಒಟ್ಟು ಪ್ರಮಾಣ ಲೆಕ್ಕ ಹಾಕಿದ ವಿಧಾನ ಇರುವ ದಾಖಲೆಗಳ ದೃಢೀಕೃತ ನಕಲು ಕೊಡಿ' ಅಂತ ಬರೆದರೆ ಸಾಕು. ಅರ್ಜಿ ಯಜಮಾನರ ಹೆಸರಿನಲ್ಲೇ ಇರಲಿ. 30 ದಿನದೊಳಗೆ ಉತ್ತರ ಬರಬೇಕು.

ಆದರೆ ಆ ಉತ್ತರಕ್ಕಾಗಿ ಮೇಲ್ಮನವಿಯನ್ನು ತಡೆದಿಡಬೇಡಿ. ಮೇಲ್ಮನವಿಗೆ ಕಾಲಮಿತಿ ಇರುತ್ತದೆ, ಕಾರ್ಡು ಬಂದ ತಿಂಗಳೊಳಗೇ ಕೊಟ್ಟುಬಿಟ್ಟರೆ ತಡವಾಯಿತು ಅನ್ನುವ ತಕರಾರಿಗೇ ಜಾಗ ಇರುವುದಿಲ್ಲ. ಯಾರ ಹೆಸರಿಗೆ ಬರೆಯಬೇಕು ಅನ್ನುವುದನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಅಷ್ಟು ದೂರ ಹೋಗುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ವಿಆರ್‌ಡಬ್ಲ್ಯು ಅಂತ ಕರೆಯುತ್ತಾರೆ. ಅವರಲ್ಲಿ ಹಲವರು ತಾವೇ ವಿಕಲಚೇತನರು, ಈ ಕಚೇರಿಗಳ ಬಾಗಿಲು ಬಲ್ಲವರು.

ಮೇಲ್ಮನವಿಯಲ್ಲಿ ಬಡತನದ ಕಥೆ ಉದ್ದ ಬೇಡ. ಅದು ನಿಜವೇ, ನನಗೆ ಅರ್ಥವಾಗುತ್ತದೆ. ಆದರೆ ಓದುವವರು ಹುಡುಕುವುದು ಅಳತೆಯ ತಪ್ಪನ್ನು. ಮಣಿಕಟ್ಟನ್ನು ಪರೀಕ್ಷಿಸಿಲ್ಲ, ಇಳಿಜಾರು ಮತ್ತು ಮೆಟ್ಟಿಲ ಮೇಲೆ ನಡೆಸಿ ನೋಡಿಲ್ಲ, ಕಾಲಿನ ಉದ್ದ ಅಳೆದಿಲ್ಲ, ನೋವಿನ ಬಗ್ಗೆ ಕೇಳಿಲ್ಲ, ಆದ್ದರಿಂದ ಮರುಪರೀಕ್ಷೆ ಮಾಡಿಸಿ ಅಂತ ಬರೆಯಿರಿ. ಆಪರೇಷನ್ ಮಾಡಿದ ಡಾಕ್ಟರಿಂದ ಕೈ ಕಾಲು ಎರಡರದ್ದೂ ಈಗಿನ ಸ್ಥಿತಿಯ ವರದಿ ಪಡೆದು ಲಗತ್ತಿಸಿ. ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ ಯಾವುದರದ್ದೂ ಮೂಲಪ್ರತಿ ಕೊಡಬೇಡಿ. ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಲ್ಲೂ ಕಿವಿಗೆ ಹಾಕಿಕೊಳ್ಳದಿದ್ದರೆ ಬೆಂಗಳೂರಿನಲ್ಲಿ ಇದೇ ಕಾಯ್ದೆಯಡಿ ರಾಜ್ಯ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರ ಅವರಿಗಿದೆ.

ಪೇಟೆಯ ಆ ಮನುಷ್ಯನ ಹತ್ತಿರ ಮಾತ್ರ ಸುಳಿಯಬೇಡಿ. ವಿಕಲಚೇತನರ ಸೌಲಭ್ಯವನ್ನು ಮೋಸದಿಂದ ಪಡೆದರೆ 91ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವುದು ದುಡ್ಡು ತಗೊಂಡವನಲ್ಲ, ಕಾರ್ಡಿನ ಮೇಲೆ ಹೆಸರಿದ್ದವರು. ನ್ಯಾಯವಾಗಿ 40 ಸಿಗಬಹುದಾದ ನಿಮ್ಮಂಥವರ ಅರ್ಜಿಯನ್ನೂ ಅನುಮಾನದಿಂದ ನೋಡುವ ಹಾಗೆ ಮಾಡಿರುವುದು ಇಂಥ ದಲ್ಲಾಳಿಗಳೇ. ನನಗೆ ಅವರ ಮೇಲೆ ಬಹಳ ಸಿಟ್ಟಿದೆ.

ಯಜಮಾನರಿಗೆ ಒಂದು ವಿಷಯ ಬಿಡಿಸಿ ಹೇಳಿ. ಸರ್ಕಾರ ಅವರನ್ನು ಸರಿ ಇದ್ದೀಯ ಅಂದಿಲ್ಲ. ಕಾಯ್ದೆಯಲ್ಲಿ ವಿಕಲಚೇತನ ವ್ಯಕ್ತಿ ಯಾರು ಅನ್ನುವುದಕ್ಕೆ ಶೇಕಡಾವಾರು ಅಂಕಿಯೇ ಇಲ್ಲ, 40 ಅನ್ನುವುದು ಕೆಲವು ಸೌಲಭ್ಯಗಳಿಗೆ ಎಳೆದ ಗೆರೆ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಶೇ 40 ತಲುಪದವರಿಗೂ ಕಾಯ್ದೆಯ ಹಕ್ಕುಗಳಿವೆ. ಇನ್ನು ಒಂದು ವಾರ, ಯಾವ ಕೆಲಸ ಮಾಡಲು ಹೋಗಿ ಎಲ್ಲಿ ನಿಲ್ಲಿಸಬೇಕಾಯಿತು ಅನ್ನುವುದನ್ನು ಅವರೇ ಹೇಳಲಿ, ನೀವು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೇಲ್ಮನವಿಗೂ ಅದು ಬೇಕು, ಅವರ ಬಾಯಿ ಬಿಡಿಸುವುದಕ್ಕೂ ಬೇಕು. ಆಮೇಲೂ ಊಟ ನಿದ್ದೆ ಬಿಟ್ಟು ಮಂಕಾಗಿಯೇ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನೂ ಹೇಳಿ, ಅದೂ ಚಿಕಿತ್ಸೆ ಇರುವ ಕಾಯಿಲೆಯೇ.

ನೀವು ಕೇಳದ ಒಂದು ವಿಷಯ ಉಳಿದಿದೆ, ಮತ್ತು ಹಣದ ಲೆಕ್ಕದಲ್ಲಿ ಅದೇ ದೊಡ್ಡದು. ಮಾಸಾಶನ ಸಿಕ್ಕರೂ ಈ ಹಂತದಲ್ಲಿ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400. ಕಾರ್ಡಿನ ಅಂಕಿ ಅಳೆಯುವುದು ಕೈಕಾಲನ್ನು. ಮರ ಹತ್ತಿ ಬದುಕಿದವನು ಇನ್ನು ಮರ ಹತ್ತಲಾರ ಅನ್ನುವುದಕ್ಕೆ ಅಲ್ಲಿ ಅಂಕವಿಲ್ಲ. ಆದರೆ ಅವರು ಬಿದ್ದದ್ದು ಎಸ್ಟೇಟಿನ ಕೆಲಸದಲ್ಲಿ. ಕೆಲಸದಲ್ಲಿ ಆದ ಅಪಘಾತಕ್ಕೆ ಮಾಲೀಕರಿಂದ ಪರಿಹಾರ ಕೊಡಿಸುವ ಕಾನೂನು ನೋಡುವುದು ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದನ್ನು. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ 1975ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಅಂದಿತ್ತು. ಬಿಳಿ ಕಾರ್ಡಿನ 30 ಈ ಪರಿಹಾರಕ್ಕೆ ಅಡ್ಡ ಬರುವುದಿಲ್ಲ. ಎಸ್ಟೇಟಿನವರು ಆಸ್ಪತ್ರೆ ಖರ್ಚು ಕೊಟ್ಟಿದ್ದಾರೆ ಅನ್ನುವ ದಾಕ್ಷಿಣ್ಯ, ಲೈನ್ ಮನೆ ಬಿಡಿಸಿಬಿಟ್ಟಾರು ಅನ್ನುವ ಭಯ ಎರಡೂ ಇರುತ್ತವೆ, ಅದನ್ನು ವಕೀಲರಿಗೆ ಮೊದಲೇ ಹೇಳಿ. ಈ ಕ್ಲೇಮಿಗೂ ಕಾಲಮಿತಿ ಇದೆ, ಆಗಲೇ ಒಂದೂವರೆ ವರ್ಷ ಕಳೆದಿದೆ. ವಿಕಲಚೇತನರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಈ ವಾರವೇ ಹೋಗಿ. ಸಂಬಳದ ಚೀಟಿ, ಬಿದ್ದ ದಿನದ ಆಸ್ಪತ್ರೆಯ ಕಾಗದ, ಅಂದು ಜೊತೆಗಿದ್ದ ಇಬ್ಬರ ಹೆಸರು ಕೈಯಲ್ಲಿರಲಿ.