ಗಾಳದ ತುದಿಯ ಸೀಸ: ನಿಷೇಧ ಯಾವಾಗ ಫಲ ಕೊಡುತ್ತದೆ?



ಆವರ್ತಕ ಕೋಷ್ಟಕದ 14ನೇ ಗುಂಪಿನ ಪಾಠದಲ್ಲಿ ಇಂಗಾಲ, ಸಿಲಿಕಾನ್, ಜರ್ಮೇನಿಯಮ್, ತವರ ಎಲ್ಲ ಮುಗಿದ ಮೇಲೆ ಸೀಸದ ಸರದಿ. ಪರಮಾಣು ಸಂಖ್ಯೆ 82, ಮೆದುವಾದ ಭಾರ ಲೋಹ, ವಿಷಕಾರಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ "ವಿಷಕಾರಿ" ಎಂಬ ಆ ಒಂದೇ ಪದದ ಹಿಂದೆ ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಕಾನೂನು ಮೂರೂ ಸೇರುವ ಒಂದು ಪಾಠವಿದೆ. ಅದನ್ನೇ ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸದ ಸಣ್ಣ ತುಂಡನ್ನು ಕೆಲವು ದೇಶಗಳು ಕಾನೂನು ಮಾಡಿ ನಿಷೇಧಿಸಿವೆ. ಅಷ್ಟು ಚಿಕ್ಕ ವಸ್ತುವಿಗೆ ಕಾನೂನು ಯಾಕೆ ಬೇಕಾಯಿತು? ಕಾನೂನು ಬಂದ ಮೇಲೆ ಹಕ್ಕಿಗಳು ಉಳಿದವೇ? ಬ್ರಿಟನ್ ಮತ್ತು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಅನುಭವಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದು ಮಾತು ಸ್ಪಷ್ಟವಾಯಿತು. ನಿಷೇಧದ ಅಳತೆಯನ್ನು ಸತ್ತ ಹಕ್ಕಿಯ ಹೊಟ್ಟೆಯಲ್ಲಿ ಸಿಕ್ಕಿದ್ದನ್ನು ನೋಡಿ ನಿರ್ಧರಿಸಬೇಕು. ಅಳತೆ ತಪ್ಪಿದರೆ ಕಾನೂನು ಇದ್ದೂ ಹಕ್ಕಿಗಳು ಸಾಯುತ್ತವೆ.

ಗಾಳಕ್ಕೆ ಸೀಸ ಯಾಕೆ?

ಗಾಳದ ದಾರ ಹಗುರ, ಎರೆಯೂ ಹಗುರ. ಎರಡೂ ನೀರಿನಲ್ಲಿ ಕೆಳಗಿಳಿಯಬೇಕಾದರೆ ಏನಾದರೂ ಭಾರ ಕಟ್ಟಬೇಕು. ಸೀಸದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 11.34 ಗ್ರಾಂ. ಅಂದರೆ ಸಣ್ಣ ತುಂಡಿನಲ್ಲೇ ಸಾಕಷ್ಟು ಭಾರ. ಅದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆದ್ದರಿಂದ ಒಲೆಯ ಮೇಲೆ ಕರಗಿಸಿ ಅಚ್ಚಿಗೆ ಸುರಿಯಬಹುದು. ಮೆದುವಾದ್ದರಿಂದ ಸೀಳಿದ ಗುಂಡಿನ ನಡುವೆ ದಾರ ಇಟ್ಟು ಒತ್ತಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಗ್ಗ. ಒಂದು ಲೋಹದಲ್ಲಿ ಇಷ್ಟೆಲ್ಲ ಅನುಕೂಲ ಸಿಕ್ಕಿದರೆ ಅದನ್ನು ಬಿಡುವುದು ಯಾರಿಗೂ ಸುಲಭವಲ್ಲ.

ತೊಂದರೆ ಇರುವುದು ಕಳೆದುಹೋಗುವ ತುಂಡುಗಳಲ್ಲಿ. ದಾರ ಕಲ್ಲಿಗೆ, ಬೇರಿಗೆ ಸಿಕ್ಕಿ ತುಂಡಾಗುತ್ತದೆ. ಡಬ್ಬಿಯಿಂದ ಗುಂಡುಗಳು ದಡದಲ್ಲಿ ಚೆಲ್ಲುತ್ತವೆ. ಒಬ್ಬರು ಕಳೆಯುವುದು ಒಂದೆರಡು ಗ್ರಾಂ ಇರಬಹುದು. ಆದರೆ ಅದೇ ದಡದಲ್ಲಿ ವರ್ಷಗಟ್ಟಲೆ ಜನ ಗಾಳ ಹಾಕುತ್ತಿರುತ್ತಾರೆ.

ಹಕ್ಕಿಯ ಹೊಟ್ಟೆಯಲ್ಲಿ ನಡೆಯುವುದು

ಈ ವಿಷಯ ಹೇಳಿದಾಗ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಸೀಸದ ತುಂಡು ನೀರಿನಲ್ಲಿ ಕರಗುವುದಿಲ್ಲವಲ್ಲ, ಮತ್ತೆ ಅಪಾಯ ಹೇಗೆ?" ಒಳ್ಳೆಯ ಪ್ರಶ್ನೆ. ನೀರಿನಲ್ಲಿ ಬಿದ್ದ ಸೀಸದ ಮೇಲೆ ಆಕ್ಸೈಡ್ ಮತ್ತು ಕಾರ್ಬೊನೇಟ್‌ಗಳ ತೆಳು ಪದರ ಕೂರುತ್ತದೆ. ಆ ಪದರ ಒಳಗಿನ ಲೋಹವನ್ನು ಕಾಯುತ್ತದೆ, ಹಾಗಾಗಿ ಸೀಸ ಬಹಳ ನಿಧಾನವಾಗಿ ಕರಗುತ್ತದೆ. ಪ್ರಯೋಗಾಲಯದಲ್ಲೂ ಸೀಸದ ತುಂಡನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ ದೊಡ್ಡ ಕ್ರಿಯೆಯೇನೂ ಕಾಣುವುದಿಲ್ಲ. ಮೇಲೆ ಸೀಸದ ಕ್ಲೋರೈಡಿನ ಪದರ ಕಟ್ಟಿಕೊಂಡು ಕ್ರಿಯೆ ನಿಂತುಹೋಗುತ್ತದೆ.

ಆದರೆ ಹಕ್ಕಿಯ ಹೊಟ್ಟೆ ಬೀಕರ್ ಅಲ್ಲ. ಮನೆಯಲ್ಲಿ ಕೋಳಿ ಶುಚಿಮಾಡುವಾಗ ಮರಳು, ಸಣ್ಣ ಕಲ್ಲು ತುಂಬಿದ ಗಟ್ಟಿ ಮಾಂಸದ ಚೀಲವನ್ನು ನೀವು ನೋಡಿರುತ್ತೀರಿ. ಹಕ್ಕಿಗೆ ಹಲ್ಲಿಲ್ಲ, ಆ ಚೀಲವೇ ಅದರ ಬೀಸುವ ಕಲ್ಲು. ಅದಕ್ಕಾಗಿ ಹಂಸದಂಥ ಹಕ್ಕಿಗಳು ನೀರಿನ ತಳದಿಂದ ಸಣ್ಣ ಕಲ್ಲುಗಳನ್ನು ಆರಿಸಿ ನುಂಗುತ್ತವೆ. ಸೀಸದ ಗುಂಡು ಕಲ್ಲಿನ ಜೊತೆ ಒಳಗೆ ಹೋದರೆ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಕಲ್ಲುಗಳು ಉಜ್ಜಿ ಕಾಪಾಡುವ ಪದರವನ್ನು ತೆಗೆಯುತ್ತವೆ, ಆಮ್ಲ ಹೊಸ ಲೋಹವನ್ನು ಮುಟ್ಟುತ್ತದೆ, ದೇಹದ ಶಾಖ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಕರಗಿದ ಸೀಸ ರಕ್ತಕ್ಕೆ ಸೇರುತ್ತದೆ. ಹೊಳೆಯ ತಳದಲ್ಲಿ ಎಷ್ಟೋ ವರ್ಷ ಹಾಗೆಯೇ ಬಿದ್ದಿರುವ ಗುಂಡು ಹಕ್ಕಿಯ ಹೊಟ್ಟೆಯಲ್ಲಿ ದಿನಗಳಲ್ಲಿ ಸವೆಯುತ್ತದೆ.

ರಕ್ತದಲ್ಲಿ ಅದು ಮಾಡುವ ಕೆಲಸ ಜೀವಶಾಸ್ತ್ರದವರಿಗೆ ಅರ್ಥವಾಗುತ್ತದೆ. ಕೆಲವು ಕಿಣ್ವಗಳು ಕೆಲಸ ಮಾಡಲು ಲೋಹದ ಅಯಾನು ಬೇಕೆಂದು ನೀವು ಓದಿದ್ದೀರಿ. ಹಿಮೋಗ್ಲೋಬಿನ್‌ನಲ್ಲಿರುವ ಹೀಮ್ ತಯಾರಾಗುವ ಹಾದಿಯಲ್ಲಿ ಅಂಥದ್ದೊಂದು ಕಿಣ್ವವಿದೆ, ಅದಕ್ಕೆ ಸತು ಬೇಕು. ಸೀಸ ಆ ಸತುವಿನ ಜಾಗದಲ್ಲಿ ಹೋಗಿ ಕೂರುತ್ತದೆ, ಕಿಣ್ವ ನಿಲ್ಲುತ್ತದೆ, ರಕ್ತಹೀನತೆ ಬರುತ್ತದೆ. ನರಗಳಲ್ಲಿ ಕ್ಯಾಲ್ಸಿಯಂ ಮಾಡಬೇಕಾದ ಕೆಲಸಕ್ಕೂ ಅಡ್ಡಬರುತ್ತದೆ. ಹಂಸದ ಕೊರಳಿನ ಸ್ನಾಯುಗಳು ಸೋತು, ಉದ್ದ ಕೊರಳು ಬುಡದಲ್ಲಿ ಮಡಚಿ ಬೆನ್ನ ಮೇಲೆ ಒರಗುತ್ತದೆ. ತಿಂದ ಹುಲ್ಲು ಅನ್ನನಾಳದಲ್ಲೇ ನಿಲ್ಲುತ್ತದೆ. ಹೊಟ್ಟೆ ತುಂಬ ಮೇವಿದ್ದ ಹಾಗೆ ಕಂಡರೂ ಹಂಸ ಹಸಿವಿನಿಂದ ಸಾಯುತ್ತದೆ.

ಬ್ರಿಟನ್ನಿನ ಹಂಸಗಳು

1970ರ ದಶಕದಲ್ಲಿ ಥೇಮ್ಸ್ ಮುಂತಾದ ನದಿಗಳಲ್ಲಿ ಹಂಸಗಳು ಕಡಿಮೆಯಾಗತೊಡಗಿದವು. ಆಕ್ಸ್‌ಫರ್ಡ್‌ನ ಸಂಶೋಧಕರು ಸತ್ತ ಹಂಸಗಳನ್ನು ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಗಾಳದ ಸೀಸದ ಗುಂಡುಗಳು ಸಿಕ್ಕವು. ಇನ್ನೊಂದು ಸುಳಿವೂ ಇತ್ತು. ಅಲ್ಲಿ ನದಿ ಮೀನುಗಾರಿಕೆಯ ಋತು ಜೂನ್ ನಡುವೆ ಶುರುವಾಗುತ್ತಿತ್ತು, ಹಂಸಗಳ ಸಾವೂ ಅದರ ನಂತರದ ತಿಂಗಳುಗಳಲ್ಲಿ ಏರುತ್ತಿತ್ತು. 1981ರಲ್ಲಿ ಅಲ್ಲಿನ ಸರ್ಕಾರದ ನಿಸರ್ಗ ಸಂರಕ್ಷಣಾ ಮಂಡಳಿಯ ವರದಿ ಬಂತು. ವರ್ಷಕ್ಕೆ ಸಾವಿರಾರು ಹಂಸಗಳು ಸೀಸದಿಂದ ಸಾಯುತ್ತಿವೆ ಎಂದು ಅದು ಹೇಳಿತು.

ಮೊದಲು ನಡೆದದ್ದು ಮನವೊಲಿಕೆ. ಗಾಳ ಹಾಕುವವರು ತಾವಾಗಿಯೇ ಸೀಸ ಬಿಡಲಿ ಎಂದು ಕೆಲವು ವರ್ಷ ಕೊಟ್ಟರು. ಅದು ಸಾಕಾಗಲಿಲ್ಲ. 1987ರ ಜನವರಿ 1ರಿಂದ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ಗಾಳದ ಭಾರಗಳನ್ನು ಮಾರುವುದನ್ನೂ ಆಮದು ಮಾಡುವುದನ್ನೂ ಕಾನೂನು ನಿಲ್ಲಿಸಿತು. ನದಿಗಳ ಉಸ್ತುವಾರಿ ನೋಡುವ ಸಂಸ್ಥೆಗಳು ಬಳಕೆಯ ಮೇಲೂ ನಿಯಮ ತಂದವು.

ಆ ಎರಡು ಅಂಕಿಗಳನ್ನು ಗಮನಿಸಿ. 28.35 ಗ್ರಾಂ ಎಂದರೆ ಒಂದು ಔನ್ಸ್. ಅದಕ್ಕಿಂತ ದೊಡ್ಡ ತುಂಡನ್ನು ಹಂಸ ಕಲ್ಲೆಂದು ನುಂಗುವುದು ಅಪರೂಪ. 0.06 ಗ್ರಾಂಗಿಂತ ಸಣ್ಣದು ತೀರ ಚಿಕ್ಕ ಗುಂಡು. ಹಂಸಗಳ ಹೊಟ್ಟೆ ಸೇರುತ್ತಿದ್ದ ಗಾತ್ರಗಳೆಲ್ಲ ನಡುವೆ ಬಂದವು. ಗಾಳ ಹಾಕುವುದನ್ನೇ ಕಾನೂನು ನಿಷೇಧಿಸಲಿಲ್ಲ, ಸೀಸವನ್ನೆಲ್ಲ ನಿಷೇಧಿಸಲೂ ಇಲ್ಲ.

1983ರ ಹಂಸ ಗಣತಿಗೆ ಹೋಲಿಸಿದರೆ 1990ರ ಗಣತಿಯಲ್ಲಿ ಸಂಖ್ಯೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿತ್ತು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಆ ವರ್ಷಗಳಲ್ಲಿ ಚಳಿಗಾಲವೂ ಸೌಮ್ಯವಾಗಿತ್ತು, ಅದೂ ಹಂಸಗಳಿಗೆ ನೆರವಾಯಿತು. ಹಾಗಾಗಿ ಏರಿಕೆಯ ಪೂರ್ತಿ ಶ್ರೇಯ ಕಾನೂನಿಗೇ ಎನ್ನಲಾಗದು. ಆದರೂ ಮುಖ್ಯ ಸಾವಿನ ಕಾರಣವೊಂದನ್ನು ಕಾನೂನು ದೊಡ್ಡ ಮಟ್ಟದಲ್ಲಿ ತಗ್ಗಿಸಿತು ಎಂಬುದು ನಿಜ.

ನ್ಯೂ ಹ್ಯಾಂಪ್‌ಶೈರಿನ ಲೂನ್‌ಗಳು

ಲೂನ್ ಎಂಬುದು ಉತ್ತರ ಅಮೆರಿಕದ ಸರೋವರಗಳಲ್ಲಿ ಮುಳುಗಿ ಮೀನು ಹಿಡಿಯುವ ಹಕ್ಕಿ. ಅದೂ ಕಲ್ಲು ನುಂಗುತ್ತದೆ. ಜೊತೆಗೆ ಗಾಳ ಸಿಕ್ಕಿಸಿಕೊಂಡು ತಪ್ಪಿಸಿಕೊಂಡ ಮೀನನ್ನೂ, ದಾರದ ಸಮೇತ ಎಳೆದುಹೋಗುವ ಎರೆಯನ್ನೂ ನುಂಗುತ್ತದೆ. ನುಂಗಿದ ಒಂದೇ ತುಂಡು ಸೀಸ ಕೆಲವು ವಾರಗಳಲ್ಲಿ ಅದನ್ನು ಕೊಲ್ಲಲು ಸಾಕು. ಲೂನ್ ಆರನೇ ವಯಸ್ಸಿನ ಸುಮಾರಿಗೆ ಮೊದಲು ಮರಿ ಮಾಡುತ್ತದೆ, ಸಾಮಾನ್ಯವಾಗಿ ಇಡುವುದು ಎರಡೇ ಮೊಟ್ಟೆ. ಆದ್ದರಿಂದ ಬೆಳೆದ ಒಂದು ಲೂನ್ ಸತ್ತರೆ ಆ ಜಾಗ ತುಂಬಲು ವರ್ಷಗಳೇ ಬೇಕು.

ಅಮೆರಿಕದಲ್ಲಿ ಇಂಥ ಕಾನೂನು ಮೊದಲು ತಂದ ರಾಜ್ಯ ನ್ಯೂ ಹ್ಯಾಂಪ್‌ಶೈರ್. 2000ದಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಅರ್ಧ ಔನ್ಸ್‌ವರೆಗಿನ ಸೀಸದ ಭಾರಗಳು ಮತ್ತು ಒಂದು ಇಂಚಿಗಿಂತ ಚಿಕ್ಕ ಜಿಗ್‌ಗಳನ್ನು ಅಲ್ಲಿನ ಕೆರೆ ಸರೋವರಗಳಲ್ಲಿ ಬಳಸುವಂತಿಲ್ಲ. ಜಿಗ್ ಎಂದರೆ ಕೊಕ್ಕೆಯ ತಲೆಗೇ ಸೀಸ ಎರಕ ಹೊಯ್ದ ಗಾಳ. ಒಂದು ಇಂಚಿನ ಅಳತೆಯಲ್ಲೇ ಬಿರುಕಿತ್ತು. ಅದಕ್ಕಿಂತ ಉದ್ದದ ಜಿಗ್ ಕಾನೂನುಬದ್ಧವಾಗಿ ಉಳಿಯಿತು. ಮೀನನ್ನು ಇಡಿಯಾಗಿ ನುಂಗುವ ಲೂನ್‌ಗೆ ಅದನ್ನು ನುಂಗುವುದೇನೂ ಕಷ್ಟವಲ್ಲ.

ಅಲ್ಲಿನ ಲೂನ್ ಸಂರಕ್ಷಣಾ ಸಮಿತಿ ಸತ್ತ ಲೂನ್‌ಗಳನ್ನು ವರ್ಷವರ್ಷವೂ ಸಂಗ್ರಹಿಸಿ ಪರೀಕ್ಷೆ ಮಾಡಿಸುತ್ತಿತ್ತು. 1989ರಿಂದ 2012ರವರೆಗೆ ಸಿಕ್ಕ ಬೆಳೆದ ಲೂನ್‌ಗಳ ಸಾವಿನಲ್ಲಿ ಸುಮಾರು ಅರ್ಧದಷ್ಟಕ್ಕೆ ಗಾಳದ ಸೀಸವೇ ಕಾರಣವಾಗಿತ್ತು. 2018ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕದಂತೆ ಆ ಅವಧಿಯಲ್ಲಿ ರಾಜ್ಯದ ಲೂನ್ ಸಂಖ್ಯೆಯನ್ನು ಸೀಸ ಶೇಕಡಾ 43ರಷ್ಟು ತಗ್ಗಿಸಿತ್ತು. ಇದರಲ್ಲಿ ಹನ್ನೆರಡು ವರ್ಷ ಕಾನೂನು ಜಾರಿಯಲ್ಲಿತ್ತು ಎಂಬುದನ್ನು ನೆನಪಿಡಿ. 2013ರಲ್ಲಿ ಹೊಸ ಕಾನೂನು ಮಾಡಿ, 2016ರ ಜೂನ್‌ನಿಂದ ಒಂದು ಔನ್ಸ್‌ವರೆಗಿನ ಸೀಸದ ಜಿಗ್‌ಗಳ ಮಾರಾಟ ಮತ್ತು ಸಿಹಿನೀರಿನಲ್ಲಿ ಬಳಕೆ ಎರಡನ್ನೂ ನಿಲ್ಲಿಸಿದರು. ಉದ್ದದ ಬದಲು ತೂಕ ಅಳತೆಯಾಯಿತು. ಆದರೂ ಹಳೆಯ ಡಬ್ಬಿಗಳಲ್ಲಿ ಸೀಸ ಉಳಿದಿರುತ್ತದಲ್ಲ? ಅದಕ್ಕೆ ಹಳೆಯ ಸೀಸ ತಂದುಕೊಟ್ಟವರಿಗೆ ಅಂಗಡಿಯಲ್ಲಿ ಖರೀದಿಗೆ ಕೂಪನ್ ಕೊಡುವ ಕ್ರಮವನ್ನೂ ಆರಂಭಿಸಿದರು.

ಬದಲಿ ಲೋಹದ ಲೆಕ್ಕ

"ಸೀಸದಷ್ಟು ಭಾರ ಬೇರೆ ಯಾವುದಿದೆ?" ಎಂಬ ಆಕ್ಷೇಪ ಎಲ್ಲ ಕಡೆಯೂ ಬಂದಿದೆ. ಆರ್ಕಿಮಿಡೀಸ್ ತತ್ವದಿಂದ ನಾವೇ ಪರೀಕ್ಷಿಸೋಣ. 10 ಗ್ರಾಂ ಸೀಸದ ಗಾತ್ರ 0.88 ಘನ ಸೆಂಟಿಮೀಟರ್. ಅಷ್ಟೇ ನೀರಿನ ತೂಕ ಕಳೆದರೆ ನೀರಿನೊಳಗೆ ಅದರ ತೂಕ 9.12 ಗ್ರಾಂ. ಉಕ್ಕಿನ ಸಾಂದ್ರತೆ ಸುಮಾರು 7.8, ಹಾಗಾಗಿ 10 ಗ್ರಾಂ ಉಕ್ಕು ನೀರಿನಲ್ಲಿ 8.72 ಗ್ರಾಂ ತೂಗುತ್ತದೆ. ಸೀಸದಷ್ಟೇ ಎಳೆತ ಬೇಕಾದರೆ ಸುಮಾರು ಹತ್ತೂವರೆ ಗ್ರಾಂ ಉಕ್ಕು ಕಟ್ಟಿದರಾಯಿತು. ತವರದ ಸಾಂದ್ರತೆ 7.3, ಅದು ಸೀಸದಂತೆ ಮೆದು, ಒತ್ತಿ ಕಟ್ಟಲು ಬರುತ್ತದೆ. ಟಂಗ್‌ಸ್ಟನ್ 19.3, ಸೀಸಕ್ಕಿಂತ ಚಿಕ್ಕ ತುಂಡಿನಲ್ಲೇ ಕೆಲಸ ಮುಗಿಸುತ್ತದೆ, ಆದರೆ ದುಬಾರಿ. ಭೌತಶಾಸ್ತ್ರ ಇಲ್ಲಿ ಅಡ್ಡಿಯಲ್ಲ. ಅಡ್ಡಿ ಬೆಲೆ ಮತ್ತು ರೂಢಿಯದ್ದು.

ನಮ್ಮ ಬಲೆಗಳು

ನಮ್ಮ ಹೊಳೆಗಳಲ್ಲಿ ಹಂಸವೂ ಇಲ್ಲ, ಲೂನೂ ಇಲ್ಲ. ಸೀಸ ಮಾತ್ರ ಇದೆ. ಬೀಸುವ ಬಲೆಯ ಅಂಚಿಗೆ ಸುತ್ತಲೂ ಪೋಣಿಸುವ ಭಾರ ಬಹುಪಾಲು ಸೀಸದ್ದೇ. ಗಾಳದ ಗುಂಡಿನ ಹಾಗೆ ಅದು ದಿನವೂ ಕಳೆದುಹೋಗುವುದಿಲ್ಲ. ಇಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಸೀಸವನ್ನು ಮನೆಯಲ್ಲಿ ಕರಗಿಸಿ ಭಾರ ಮಾಡಿಕೊಳ್ಳುವ ಕೆಲಸ. ಕೊಲಂಬಿಯಾದ ಕಾರ್ಟಹೆನಾ ನಗರದಲ್ಲಿ ಮೀನುಗಾರ ಕುಟುಂಬಗಳು ಹೀಗೆ ಮಾಡುತ್ತಿದ್ದ ಬಡಾವಣೆಯ ಮಕ್ಕಳ ರಕ್ತದಲ್ಲಿ ಹೆಚ್ಚು ಸೀಸ ಕಂಡುಬಂದಿದೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳಬಲ್ಲದು. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಕುರಿತು ದೇಶಕ್ಕೆ ತಿಳಿಹೇಳಲು ದಶಕಗಳ ಕಾಲ ದುಡಿದವರು.

ಸೀಸವನ್ನು ಬಿಡುವುದು ನಮಗೆ ಹೊಸದಲ್ಲ. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೊರಹೋಯಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ 2016ರಲ್ಲಿ ಬಂತು. ಬಲೆ ಮತ್ತು ಗಾಳದ ಸೀಸವೂ ಒಂದು ದಿನ ಇದೇ ಹಾದಿಯಲ್ಲಿ ಹೋಗಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ಬ್ರಿಟನ್ನಿನಲ್ಲಿ ಗಾಳ ಹೆಚ್ಚಿನವರಿಗೆ ಹವ್ಯಾಸ. ನಮ್ಮಲ್ಲಿ ಬೀಸುವ ಬಲೆ ಒಂದು ಮನೆಯ ಅನ್ನ. ಹೊಸ ಭಾರ ಕೈಗೆ ಸಿಗುವ ಮೊದಲೇ ಹಳೆಯದನ್ನು ಕಸಿದುಕೊಳ್ಳುವ ಕಾನೂನು ಬಡವನ ಮೇಲಿನ ದಂಡವಾಗುತ್ತದೆ. ಸೀಸ ತಂದುಕೊಟ್ಟವರಿಗೆ ಅಷ್ಟೇ ಎಳೆತದ ಉಕ್ಕಿನ ಭಾರ ಕೊಡುವ ವ್ಯವಸ್ಥೆ ಮೊದಲು, ನಿಷೇಧ ಆಮೇಲೆ. ಮನೆಯಲ್ಲಿ ಸೀಸ ಕರಗಿಸಬಾರದು, ಸೀಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂರಬಾರದು ಎಂಬ ತಿಳಿವಳಿಕೆಗೆ ಮಾತ್ರ ಯಾವ ಕಾನೂನಿಗೂ ಕಾಯಬೇಕಾಗಿಲ್ಲ. ಮನೆಯಲ್ಲಿ ಬಲೆ ಇರುವ ವಿದ್ಯಾರ್ಥಿಗಳು ಇವತ್ತೇ ಹೇಳಬಹುದು.

ಅಭ್ಯಾಸಕ್ಕೆ

1. 500 ಗ್ರಾಂ ಸೀಸ ಕಟ್ಟಿದ ಬಲೆಗೆ ನೀರಿನೊಳಗೆ ಅಷ್ಟೇ ಎಳೆತ ಬರಬೇಕಾದರೆ ಎಷ್ಟು ಗ್ರಾಂ ಉಕ್ಕು ಬೇಕು?

2. ದುರ್ಬಲ ಆಮ್ಲದಲ್ಲಿ ನಿಧಾನವಾಗಿ ವರ್ತಿಸುವ ಸೀಸ ಹಕ್ಕಿಯ ಹೊಟ್ಟೆಯಲ್ಲಿ ಬೇಗ ಕರಗಲು ಕಾರಣಗಳೇನು?

3. ಜಿಗ್ ಅನ್ನು ಉದ್ದದಿಂದ ಅಳೆಯುವುದಕ್ಕೂ ತೂಕದಿಂದ ಅಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಲೂನ್ ಉದಾಹರಣೆಯಿಂದ ವಿವರಿಸಿ.

4. ವಾಣಿಜ್ಯ ವಿಭಾಗದವರಿಗೆ: ಸೀಸ ಅಗ್ಗ ಎನ್ನುವಾಗ ಯಾವ ಯಾವ ಖರ್ಚುಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ? ಅವನ್ನು ಯಾರು ಭರಿಸುತ್ತಿದ್ದಾರೆ?

ಉತ್ತರಗಳನ್ನು ರಸಾಯನಶಾಸ್ತ್ರ ವಿಭಾಗಕ್ಕೆ ತಂದುಕೊಡಿ. ನಾಲ್ಕನೇ ಪ್ರಶ್ನೆಯ ಒಳ್ಳೆಯ ಉತ್ತರ ಮುಂದಿನ ಸಂಚಿಕೆಯಲ್ಲಿ ಅಚ್ಚಾಗುತ್ತದೆ.