ದುಡ್ಡು ಕೊಡುವ ಮೊದಲೇ ಹೊಂದಿಸಿ: ಮೊದಲ ಗೇಮಿಂಗ್ ಕಂಪ್ಯೂಟರ್‌ಗೆ ಹನ್ನೊಂದು ಸೂತ್ರಗಳು

ಗೇಮಿಂಗ್ ಕಂಪ್ಯೂಟರ್ ಜೋಡಿಸುವುದು ಕಷ್ಟದ ಕೆಲಸವೇನಲ್ಲ. ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರೇ ಆದರೂ ಸಾವಧಾನವಾಗಿ ಕೂತರೆ ಒಂದು ದಿನದಲ್ಲಿ ಮುಗಿಸಬಹುದು. ಕಷ್ಟವಿರುವುದು ಅದಕ್ಕೂ ಮೊದಲಿನ ಆಯ್ಕೆಯಲ್ಲಿ. ಒಂದಕ್ಕೊಂದು ಹೊಂದದ ಭಾಗಗಳನ್ನು ತಂದಿಟ್ಟುಕೊಂಡರೆ ಎಷ್ಟು ನಾಜೂಕಾಗಿ ಕೂರಿಸಿದರೂ ಮಾನಿಟರ್ ಕಪ್ಪಾಗಿಯೇ ಉಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳಿ, ಆನ್‌ಲೈನ್‌ನಲ್ಲಿ ತರಿಸಿ, ನಿಯಮ ಒಂದೇ: ಪಟ್ಟಿ ಪೂರ್ತಿಯಾಗುವ ತನಕ ಒಂದೇ ಒಂದು ಭಾಗಕ್ಕೂ ದುಡ್ಡು ಬಿಚ್ಚಬೇಡಿ. ಆಫರ್ ಇದೆಯೆಂದು ಈ ತಿಂಗಳು ಮದರ್‌ಬೋರ್ಡ್, ಮುಂದಿನ ತಿಂಗಳು ಪ್ರೊಸೆಸರ್ ಎಂದು ಬಿಡಿಬಿಡಿಯಾಗಿ ಕೊಂಡವರೇ ಹೆಚ್ಚಾಗಿ ಕೈ ಸುಟ್ಟುಕೊಳ್ಳುವುದು. ಅಷ್ಟರಲ್ಲಿ ಮೊದಲು ಕೊಂಡದ್ದನ್ನು ವಾಪಸ್ ಕೊಡುವ ಅವಧಿಯೂ ಮುಗಿದಿರುತ್ತದೆ.

1. ಮಾನಿಟರ್‌ನಿಂದ ಲೆಕ್ಕ ಶುರು ಮಾಡಿ

ಯಾವ ಆಟ, ಯಾವ ಪರದೆ ಎಂಬುದು ಮೊದಲು ತೀರ್ಮಾನವಾಗಲಿ. ಫುಲ್ ಎಚ್‌ಡಿ ಪರದೆಯಲ್ಲಿ ವ್ಯಾಲೊರಂಟ್ ಆಡುವವರಿಗೂ 1440ಪಿ ಪರದೆಯಲ್ಲಿ ಸೈಬರ್‌ಪಂಕ್ 2077 ಆಡುವವರಿಗೂ ಬೇಕಾದ ಯಂತ್ರಗಳೇ ಬೇರೆ. ಪರದೆ ತೀರ್ಮಾನವಾದರೆ ಗ್ರಾಫಿಕ್ಸ್ ಕಾರ್ಡ್ ತೀರ್ಮಾನವಾಗುತ್ತದೆ, ಉಳಿದವೆಲ್ಲ ಅದರ ಹಿಂದೆ ಬರುತ್ತವೆ. ಬಜೆಟ್‌ನ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೇ ಹೋಗಲಿ. ಮಾನಿಟರ್ 60 ಹರ್ಟ್ಸ್‌ನದಾಗಿದ್ದರೆ ಕಾರ್ಡ್ ಸೆಕೆಂಡಿಗೆ 150 ಫ್ರೇಮ್ ಕೊಟ್ಟರೂ ನಿಮ್ಮ ಕಣ್ಣಿಗೆ ಕಾಣುವುದು ಸೆಕೆಂಡಿಗೆ 60 ಚಿತ್ರಗಳು ಮಾತ್ರ.

2. ಸಾಕೆಟ್ ಹೆಸರು ಅಕ್ಷರಕ್ಕೆ ಅಕ್ಷರ ಕೂಡಲಿ

ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಇಲ್ಲಿ ಹೆಚ್ಚುಕಡಿಮೆಗೆ ಅವಕಾಶವೇ ಇಲ್ಲ. ಎಎಂಡಿಯ ಎಎಂ4 ಸಾಕೆಟ್ 2016ರದು, ರೈಜೆನ್ 5000ರವರೆಗಿನ ಚಿಪ್‌ಗಳು ಅದರಲ್ಲಿ ಕೂರುತ್ತವೆ. 2022ರಲ್ಲಿ ಬಂದ ಎಎಂ5ರಲ್ಲಿ ರೈಜೆನ್ 7000 ಮತ್ತು 9000 ಸರಣಿಗಳು. ಇಂಟೆಲ್‌ನ 12, 13, 14ನೇ ಪೀಳಿಗೆಗಳಿಗೆ ಎಲ್‌ಜಿಎ 1700, 2024ರ ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಎಲ್‌ಜಿಎ 1851.

ಮೊದಲ ಸಲ ಜೋಡಿಸುವವರಿಗೆ ನನ್ನ ಮತ ಎಎಂ5ಕ್ಕೆ. ಈ ಸಾಕೆಟ್‌ಗೆ 2027ರವರೆಗಾದರೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಎಂದರೆ ಮುಂದೆಂದೋ ಪ್ರೊಸೆಸರ್ ಬದಲಿಸಬೇಕಾದಾಗ ಬೋರ್ಡ್, ರ‍್ಯಾಮ್ ಎರಡನ್ನೂ ಎಸೆಯಬೇಕಾಗಿಲ್ಲ. ರೈಜೆನ್ 5 7600 ಮತ್ತು ಬಿ650 ಬೋರ್ಡ್ ಒಳ್ಳೆಯ ಆರಂಭ. ಕೈ ಬಿಗಿಯಿದ್ದರೆ ಎಎಂ4ನ ರೈಜೆನ್ 5 5600 ಈಗಲೂ ಫುಲ್ ಎಚ್‌ಡಿ ಆಟಕ್ಕೆ ಸಾಕು.

ಕೂರಿಸುವಾಗ ಪ್ರೊಸೆಸರ್‌ನ ಒಂದು ಮೂಲೆಯಲ್ಲಿರುವ ಪುಟ್ಟ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಸರಿಹೊಂದಿಸಿ. ಎಎಂ4 ಚಿಪ್‌ಗಳಲ್ಲಿ ಪಿನ್ನುಗಳು ಚಿಪ್ಪಿನ ಕೆಳಗೇ ಇರುತ್ತವೆ. ಎಎಂ5 ಮತ್ತು ಇಂಟೆಲ್‌ನಲ್ಲಿ ಅವು ಬೋರ್ಡಿನ ಸಾಕೆಟ್‌ನಲ್ಲಿರುತ್ತವೆ. ಎಲ್ಲೇ ಇರಲಿ, ಬೆರಳು ತಾಗಿಸಬೇಡಿ. ಪಿನ್ ಬಾಗಿದ ಬೋರ್ಡಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

3. ಬಯೋಸ್ ಎಷ್ಟು ಹಳೆಯದು ಕೇಳಿ

ಸಾಕೆಟ್ ಕೂಡಿದರೂ ಕಂಪ್ಯೂಟರ್ ಎದ್ದೇಳದಿರಲು ಮುಖ್ಯ ಕಾರಣ ಬೋರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸ್ ಹಳೆಯದಾಗಿರುವುದು. ಅಂಗಡಿಯಲ್ಲಿ ಬಹಳ ದಿನ ಕೂತಿದ್ದ ಬಿ650 ಬೋರ್ಡಿಗೆ ಆಮೇಲೆ ಬಂದ ರೈಜೆನ್ 9000 ಚಿಪ್‌ನ ಪರಿಚಯ ಇರುವುದಿಲ್ಲ. ಬೋರ್ಡ್ ತಯಾರಕರ ವೆಬ್‌ಸೈಟಿನಲ್ಲಿ ಪ್ರತಿ ಪ್ರೊಸೆಸರ್ ಎದುರಿಗೂ ಅದಕ್ಕೆ ಬೇಕಾದ ಬಯೋಸ್ ಆವೃತ್ತಿಯನ್ನು ಬರೆದಿರುತ್ತಾರೆ. ಅದನ್ನು ಗುರುತು ಹಾಕಿಕೊಂಡು ಅಂಗಡಿಗೆ ಹೋಗಿ. ಇನ್ನೂ ಒಳ್ಳೆಯದೆಂದರೆ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ಆರಿಸುವುದು. ಪ್ರೊಸೆಸರ್ ಇಲ್ಲದೆಯೇ ಒಂದು ಪೆನ್‌ಡ್ರೈವ್‌ನಿಂದ ಬಯೋಸ್ ಹೊಸದು ಮಾಡಬಹುದು.

ಇಂಟೆಲ್‌ನ 13, 14ನೇ ಪೀಳಿಗೆಯ ಚಿಪ್ ಕೊಳ್ಳುವವರಿಗೆ ಬಯೋಸ್ ಹೊಸದು ಮಾಡುವುದು ಕಡ್ಡಾಯ. ಆ ಪೀಳಿಗೆಗಳ ಹೆಚ್ಚು ವಿದ್ಯುತ್ ಬಳಸುವ ಡೆಸ್ಕ್‌ಟಾಪ್ ಚಿಪ್‌ಗಳು ಅತಿ ವೋಲ್ಟೇಜ್‌ನಿಂದ ಕೆಡುತ್ತಿದ್ದುದಕ್ಕೆ 2024ರಲ್ಲಿ ಇಂಟೆಲ್ ಬಯೋಸ್ ಮೂಲಕವೇ ಪರಿಹಾರ ಕೊಟ್ಟಿತು.

4. ರ‍್ಯಾಮ್: ಒಂದೇ ಡಬ್ಬಿಯ ಎರಡು ಕಡ್ಡಿ

ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನುಗಳೇ, ಉದ್ದವೂ ಒಂದೇ. ಆದರೆ ನಡುವಿನ ಸೀಳು ಬೇರೆ ಜಾಗದಲ್ಲಿದೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು, ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ. ಎಎಂ4 ಎಂದರೆ ಡಿಡಿಆರ್4, ಎಎಂ5 ಎಂದರೆ ಡಿಡಿಆರ್5, ಇಲ್ಲಿ ಗೊಂದಲವಿಲ್ಲ. ಎಡವುವುದು ಎಲ್‌ಜಿಎ 1700ರಲ್ಲಿ. ಅದರ ಬಿ760 ಬೋರ್ಡುಗಳು ಎರಡೂ ಬಗೆಯಲ್ಲಿ ಸಿಗುತ್ತವೆ, ಡಬ್ಬಿಯ ಮೇಲಿನ ಹೆಸರಿನ ಕೊನೆಯ ಅಕ್ಷರಗಳನ್ನು ಓದದೆ ಕೊಳ್ಳಬೇಡಿ.

16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಮೇಲು, ಏಕೆಂದರೆ ಎರಡು ಚಾನೆಲ್‌ಗಳೂ ಕೆಲಸ ಮಾಡುತ್ತವೆ. ಸಾಧ್ಯವಿದ್ದರೆ 16 ಜಿಬಿಯ ಎರಡು ತೆಗೆದುಕೊಳ್ಳಿ. ನಾಲ್ಕೂ ಸ್ಲಾಟ್ ತುಂಬುವ ಆಸೆ ಬೇಡ. ರೈಜೆನ್ 7000ಕ್ಕೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಕಡ್ಡಿಗೆ 5200, ನಾಲ್ಕು ಹಾಕಿದರೆ 3600. ಎರಡನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟಿಗೆ ಹಾಕಿ. 6000ದ ಕಿಟ್ ಕೊಂಡಿದ್ದರೆ ಬಯೋಸ್‌ನಲ್ಲಿ ಎಕ್ಸ್‌ಪೋ ಆನ್ ಮಾಡಿ, ಇಂಟೆಲ್ ಬೋರ್ಡಿನಲ್ಲಾದರೆ ಎಕ್ಸ್‌ಎಂಪಿ. ಮಾಡದಿದ್ದರೆ ಕಡ್ಡಿ 4800ರಂಥ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ.

ಇನ್ನೊಂದು ಮಾತು. ಎಎಂ5 ಬೋರ್ಡ್ ಮೊದಲ ಸಲ ಆನ್ ಆದಾಗ ರ‍್ಯಾಮ್ ಅನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ಬೇಕು. ಅಷ್ಟೂ ಹೊತ್ತು ಪರದೆ ಕಪ್ಪಾಗಿರುತ್ತದೆ. ಗಾಬರಿಯಿಂದ ಸ್ವಿಚ್ ಆರಿಸಬೇಡಿ, ಕಾಯಿರಿ.

5. ಪ್ರೊಸೆಸರ್ ಹೆಸರಿನ ಬಾಲ ಓದಿ

ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಚಿಪ್‌ನಲ್ಲಿ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಆಮೇಲೆ ತರೋಣ ಎಂದುಕೊಂಡವರು ಇದನ್ನು ಕೊಂಡರೆ ಅಲ್ಲಿಯ ತನಕ ಪರದೆಯಲ್ಲಿ ಏನೂ ಬರದು. ರೈಜೆನ್ 5 5600ರದೂ ಇದೇ ಕಥೆ. 5600ಜಿ ಮತ್ತು 7600ರಲ್ಲಿ ಗ್ರಾಫಿಕ್ಸ್ ಇದೆ, 7500ಎಫ್‌ನಲ್ಲಿ ಇಲ್ಲ. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಕಾರ್ಡಿಗೇ ಚುಚ್ಚಿ, ಬೋರ್ಡಿಗಲ್ಲ.

6. ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಬೇಡ

ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಪೆಟ್ಟಿಗೆಯೇ ಎಸ್‌ಎಂಪಿಎಸ್. ಹೊಸಬರು ದುಡ್ಡು ಉಳಿಸಲು ಹೋಗುವುದು ಇಲ್ಲೇ. ಇದು ಕೆಟ್ಟರೆ ತಾನೊಂದೇ ಹೋಗುವುದಿಲ್ಲ, ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಲ್ಲದು.

ಲೆಕ್ಕ ಸುಲಭ. ರೈಜೆನ್ 5 7600 ಪೂರ್ತಿ ದುಡಿಯುವಾಗ 88 ವಾಟ್ ತನಕ ಎಳೆಯುತ್ತದೆ, ಆರ್‌ಟಿಎಕ್ಸ್ 5060 ಕಾರ್ಡ್ 145 ವಾಟ್. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಸೇರಿಸಿದರೆ ಒಟ್ಟು ಸುಮಾರು 300. ಈ ಕಾರ್ಡಿಗೆ ಎನ್‌ವಿಡಿಯಾ ಸೂಚಿಸುವುದು 550 ವಾಟ್. 250 ವಾಟ್ ಎಳೆಯುವ ಆರ್‌ಟಿಎಕ್ಸ್ 5070ಕ್ಕೆ 650. ಕಾರ್ಡುಗಳು ಕ್ಷಣಮಾತ್ರ ತಮ್ಮ ಮಿತಿ ಮೀರಿ ಎಳೆಯುವುದುಂಟು, ಹಾಗಾಗಿ ಈ ಅಂತರ ಅಗತ್ಯ.

ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ಮಾತ್ರ ನಂಬಬೇಡಿ. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಪಟ್ಟಿ ಅಂಟಿಸಿರುತ್ತಾರೆ, ಅದರಲ್ಲಿ 12 ವೋಲ್ಟ್ ಸಾಲಿನ ಎದುರು ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಆ ಸಾಲಿನಿಂದಲೇ. 450 ವಾಟ್ ಎಂದು ಬರೆದ ಅಗ್ಗದ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್‌ಗೆ 18 ಆಂಪಿಯರ್ ಇದ್ದರೆ ನಿಜಕ್ಕೂ ಕೈಗೆ ಸಿಗುವುದು 216 ವಾಟ್. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಎಸ್‌ಎಂಪಿಎಸ್‌ಗೆ ಗ್ರಾಫಿಕ್ಸ್ ಕಾರ್ಡ್ ಜೋಡಿಸಲೇಬೇಡಿ. 80 ಪ್ಲಸ್ ಬ್ರಾಂಜ್ ಗುರುತು, ಕನಿಷ್ಠ ಐದು ವರ್ಷ ವಾರಂಟಿ ಇರಲಿ.

ಕೇಬಲ್‌ಗಳನ್ನೂ ಎಣಿಸಿ. ಬೋರ್ಡಿಗೆ 24 ಪಿನ್‌ನದು, ಪ್ರೊಸೆಸರ್‌ಗೆ ಬೋರ್ಡಿನ ಮೇಲಿನ ಮೂಲೆಯಲ್ಲಿ 4+4 ಪಿನ್‌ನದು, ಕಾರ್ಡಿಗೆ 6+2 ಪಿನ್‌ನದು ಅಥವಾ 16 ಪಿನ್‌ನದು. ಈ 16 ಪಿನ್ ಕನೆಕ್ಟರ್ ಕರಗಿದ ಪ್ರಕರಣಗಳು 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಬೆಳಕಿಗೆ ಬಂದವು. ಪೂರ್ತಿ ಒಳಗೆ ಹೋಗುವ ತನಕ ಒತ್ತಿ. ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಒಂದರ ಕೇಬಲ್ ಇನ್ನೊಂದಕ್ಕೆ ಹಾಕಬೇಡಿ. ತುದಿ ಕೂರುತ್ತದೆ, ಆದರೆ ಒಳಗಿನ ತಂತಿಗಳ ಕ್ರಮ ಬೇರೆಯಿರುತ್ತದೆ. ಸುಟ್ಟುಹೋಗಲು ಅಷ್ಟು ಸಾಕು.

7. ಕ್ಯಾಬಿನೆಟ್‌ಗೆ ಟೇಪು ಹಿಡಿಯಿರಿ

ಎಟಿಎಕ್ಸ್ ಬೋರ್ಡ್ 305×244 ಮಿಲಿಮೀಟರ್, ಮೈಕ್ರೊ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ದೊಡ್ಡ ಕ್ಯಾಬಿನೆಟ್‌ನಲ್ಲಿ ಚಿಕ್ಕ ಬೋರ್ಡ್ ಕೂರುತ್ತದೆ, ಚಿಕ್ಕದರಲ್ಲಿ ದೊಡ್ಡದು ಕೂರದು. ಮೂರು ಅಳತೆಗಳನ್ನು ಬರೆದುಕೊಳ್ಳಿ: ಗ್ರಾಫಿಕ್ಸ್ ಕಾರ್ಡಿನ ಉದ್ದ, ಕೂಲರ್‌ನ ಎತ್ತರ, ಲಿಕ್ವಿಡ್ ಕೂಲರ್ ಹಾಕುವುದಾದರೆ ಅದರ ರೇಡಿಯೇಟರ್‌ಗೆ ಬೇಕಾದ ಜಾಗ. ಮುಂದಿನ ಫ್ಯಾನ್‌ಗಳ ದಪ್ಪವನ್ನು ಕಾರ್ಡಿನ ಜಾಗದಿಂದ ಕಳೆಯಲು ಮರೆಯಬೇಡಿ. ಮುಂಭಾಗ ಜಾಲರಿಯದಾಗಿರಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆಯವರು ಅಂದದ ಗಾಜಿನ ಮುಂಭಾಗಕ್ಕೆ ಮನಸೋಲದಿರುವುದು ಕ್ಷೇಮ.

8. ಕೂಲರ್

ರೈಜೆನ್ 5 7600 ಜೊತೆ ಕೂಲರ್ ಬರುತ್ತದೆ, 7600ಎಕ್ಸ್ ಜೊತೆ ಬರುವುದಿಲ್ಲ. ಇಂಟೆಲ್‌ನ ‘ಕೆ’ ಚಿಪ್‌ಗಳಿಗೂ ಪ್ರತ್ಯೇಕ ಕೊಳ್ಳಬೇಕು. ಕೂಲರ್‌ನ ಡಬ್ಬಿಯಲ್ಲಿ ನಿಮ್ಮ ಸಾಕೆಟ್‌ನ ಬ್ರಾಕೆಟ್ ಇದೆಯೇ ನೋಡಿ. ಎತ್ತರದ ರ‍್ಯಾಮ್ ಕಡ್ಡಿಗಳು ಕೂಲರ್‌ಗೆ ತಾಗುವುದುಂಟು.

9. ಎಸ್‌ಎಸ್‌ಡಿ ಮತ್ತು ಸಣ್ಣಪುಟ್ಟ ಸ್ಲಾಟುಗಳು

ಎಂ.2 ಎಸ್‌ಎಸ್‌ಡಿಗಳಲ್ಲಿ ಎನ್‌ವಿಎಂಇ, ಸಾಟಾ ಎಂದು ಎರಡು ಬಗೆ. ನೋಟಕ್ಕೆ ಹೆಚ್ಚುಕಡಿಮೆ ಒಂದೇ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟಿನಲ್ಲಿ ಸಾಟಾ ಎಸ್‌ಎಸ್‌ಡಿ ಕಾಣಿಸಿಕೊಳ್ಳುವುದಿಲ್ಲ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, ಅದನ್ನೇ ಕೊಳ್ಳಿ. ಕೆಲವು ಬೋರ್ಡುಗಳಲ್ಲಿ ಒಂದು ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ಬಂದ್ ಆಗುತ್ತವೆ. ಕ್ಯಾಬಿನೆಟ್ ಮುಂದೆ ಟೈಪ್-ಸಿ ಇದ್ದರೆ ಬೋರ್ಡಿನಲ್ಲಿ ಅದಕ್ಕೆ ಕನೆಕ್ಟರ್ ಇರಬೇಕು. ವೈಫೈ ಎಲ್ಲ ಬೋರ್ಡಿನಲ್ಲೂ ಇರುವುದಿಲ್ಲ.

ಹಳೆಯ ಬೋರ್ಡಿಗೆ ಹೊಸ ಕಾರ್ಡ್ ಹಾಕುವವರು ಇದನ್ನು ಗಮನಿಸಿ. ಬಿ450, ಎ520 ಬೋರ್ಡುಗಳು ಪಿಸಿಐಇ 3.0ಯವು. ಎಂಟೇ ಲೇನ್ ಬಳಸುವ ಆರ್‌ಟಿಎಕ್ಸ್ 5060 ಅಲ್ಲಿ ಓಡುತ್ತದೆ, ಆದರೆ ಕೆಲವು ಆಟಗಳಲ್ಲಿ ಪೂರ್ತಿ ಶಕ್ತಿ ತೋರದು. ಇಂಟೆಲ್‌ನ ಆರ್ಕ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ ಸೌಲಭ್ಯ ಬೇಕೇ ಬೇಕು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಬಯೋಸ್‌ನಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಆನ್ ಇರಬೇಕು.

10. ಗೋಡೆಯ ಪ್ಲಗ್‌ ಕೂಡ ಒಂದು ಭಾಗ

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಕೊಡುವುದು 360 ವಾಟ್ ಆಸುಪಾಸು. ಆಟದ ನಡುವೆ ಕರೆಂಟ್ ಹೋದರೆ ಕಂಪ್ಯೂಟರ್, ಮಾನಿಟರ್ ಎರಡನ್ನೂ ಅದು ಹೊರಲಾರದು. 1000 ವಿಎಗಿಂತ ಕಡಿಮೆಯದು ಬೇಡ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಕ್ಯಾಬಿನೆಟ್‌ನ ಲೋಹ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಹಾಗಾದರೆ ಎಲೆಕ್ಟ್ರಿಶಿಯನ್ ಕರೆಸಿ ಅರ್ಥಿಂಗ್ ಸರಿಮಾಡಿಸಿದ ಮೇಲೆಯೇ ಕಂಪ್ಯೂಟರ್ ಆನ್ ಮಾಡಿ.

11. ಪಟ್ಟಿ ಎರಡು ಸಲ ನೋಡಿ, ಬಿಲ್ ತಪ್ಪದೆ ಪಡೆಯಿರಿ

ಪಿಸಿಪಾರ್ಟ್‌ಪಿಕರ್ ತಾಣದಲ್ಲಿ ನಿಮ್ಮ ಪಟ್ಟಿ ಹಾಕಿದರೆ ಹೊಂದದ ಭಾಗಗಳನ್ನು ಬಹುಮಟ್ಟಿಗೆ ಅದೇ ತೋರಿಸುತ್ತದೆ. ಬಯೋಸ್ ಆವೃತ್ತಿ, ರ‍್ಯಾಮ್ ಪಟ್ಟಿಗಳಿಗೆ ಬೋರ್ಡ್ ತಯಾರಕರ ಪುಟವನ್ನೇ ನೋಡಿ. ಅಂಗಡಿಯವರು ‘ಇದೂ ಅದೇ ಸರ್, ಸೆಟ್ ಆಗುತ್ತೆ’ ಎಂದು ಬೇರೆ ಮಾದರಿ ತೋರಿಸಿದರೆ ಅಲ್ಲೇ ಒಪ್ಪಬೇಡಿ, ಮೊಬೈಲ್ ತೆಗೆದು ಮತ್ತೆ ಪರಿಶೀಲಿಸಿ. ಭಾಗಗಳೆಲ್ಲ ಒಂದೇ ವಾರದೊಳಗೆ ಕೈಸೇರಿದರೆ ಕೆಟ್ಟದ್ದನ್ನು ಬದಲಿಸಿಕೊಳ್ಳುವ ಅವಧಿಯಲ್ಲೇ ಎಲ್ಲವನ್ನೂ ಓಡಿಸಿ ನೋಡಬಹುದು. ಡಬ್ಬಿಗಳನ್ನು ಎಸೆಯಬೇಡಿ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಕೇಳಿ, ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಜಿಎಸ್‌ಟಿ ಶೇ 18 ಉಳಿಯುತ್ತದೆ, ಬಿಲ್ ಬೇಡ ಎನ್ನುವ ಅಂಗಡಿಯಿಂದ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ, ಪಕ್ಕದ ಅಂಗಡಿಗೆ ಹೋಗಿ.